ತಕ್ಕಡಿ ಗಾಡಿ ನೋಡಿದ್ದು

ನಮ್ಮ ಕೆಳಗಿನ ಮನೆಯ ತಕ್ಕಡಿಗೆ ಆ ಹೆಸರು ಬಂದದ್ದು ಅವನ ಕೆಲಸದಿಂದ. ಅವನಿರುವುದು ಒಂದು ದೊಡ್ಡ ಕಚೇರಿಯ ಖರೀದಿ ವಿಭಾಗದಲ್ಲಿ. ಅಲ್ಲಿ ಒಂದು ನಿಯಮ. ಯಾವ ವಸ್ತುವನ್ನೇ ಕೊಳ್ಳಲಿ, ಅಂಥದೇ ಇನ್ನೊಂದನ್ನು ಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿ ನೋಡಬೇಕು. ಬೇರೆಯವರಿಗೆ ಇದು ಕೊಳ್ಳುವುದಕ್ಕೆ ಮುಂಚೆ ಮಾಡುವ ಕೆಲಸ. ತಕ್ಕಡಿಗೆ ಇದೇ ಕೆಲಸ. ಅವನ ಸಾಹೇಬರ ಕೋಣೆಗೆ ಫ್ಯಾನು ಬೇಕೆಂದಾಗ ಅವನು ಎರಡು ಫ್ಯಾನುಗಳನ್ನು ಎಷ್ಟು ಶ್ರದ್ಧೆಯಿಂದ ಹೋಲಿಸಿದನೆಂದರೆ, ಮುಗಿಯುವ ಹೊತ್ತಿಗೆ ಚಳಿಗಾಲ ಬಂದು, ಫ್ಯಾನಿನ ಅಗತ್ಯವಿಲ್ಲವೆಂದು ಕಡತವನ್ನೇ ಮುಚ್ಚಿದರು. ಕಚೇರಿಗೆ ಇಷ್ಟೊಂದು ಹಣ ಉಳಿಸಿಕೊಟ್ಟ ನೌಕರ ಇನ್ನೊಬ್ಬನಿಲ್ಲ ಎಂದು ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಹೊಗಳುತ್ತಿದ್ದರಂತೆ.

ಮನೆಯಲ್ಲೂ ಅದೇ ಕಥೆ. ಹೆಂಡತಿ ಪೊರಕೆ ತರಲು ಕಳಿಸಿದರೆ ಅವನು ಎರಡು ಪೊರಕೆಗಳ ಸಮಾಚಾರ ತರುತ್ತಿದ್ದ. ಪೊರಕೆಯನ್ನು ಮಾರನೆಯ ದಿನ ಅವಳೇ ಹೋಗಿ ತರುತ್ತಿದ್ದಳು. ಓಣಿಯ ತುದಿಯ ದರ್ಜಿ ಹೊಲಿದಿಟ್ಟ ಅವನ ಅಂಗಿಯೊಂದು ಇನ್ನೂ ಅಂಗಡಿಯಲ್ಲೇ ನೇತಾಡುತ್ತಿತ್ತು. ಅದಕ್ಕೆ ಕಂದು ಗುಂಡಿ ಹಾಕಬೇಕೋ ಬೂದು ಗುಂಡಿ ಹಾಕಬೇಕೋ ಎನ್ನುವುದು ತೀರ್ಮಾನವಾಗಿರಲಿಲ್ಲ. ಇಂಥ ಮನುಷ್ಯ ಮದುವೆ ಹೇಗಾದನೆಂದು ನಾನೊಮ್ಮೆ ಕೇಳಿಬಿಟ್ಟಿದ್ದೆ. "ನನ್ನನ್ನ ನೋಡೋಕೆ ಇವರಮ್ಮ ಒಬ್ಬರೇ ಬಂದಿದ್ರು," ಎಂದು ಅವನ ಹೆಂಡತಿ ಕಡೆಯಿಂದ ಉತ್ತರ ಬಂತು, "ಇವರನ್ನ ಕರ್ಕೊಂಡು ಬರಲಿಲ್ಲ. ಬಂದಿದ್ರೆ ನಾನು ಇವತ್ತಿಗೂ ತವರಲ್ಲೇ ಇರ್ತಿದ್ದೆ."

ಗಾಡಿಯ ಪ್ರಕರಣ ಶುರುವಾದದ್ದು ಒಂದು ಫೋನಿನಿಂದ. ತಕ್ಕಡಿಯ ಅತ್ತೆ ಹಿರಿಯ ಮಗಳ ಮನೆಯಲ್ಲಿದ್ದರು. ಆ ಹಿರಿಯ ಅಳಿಯ, ಅಂದರೆ ನಮ್ಮ ತಕ್ಕಡಿಯ ಷಡ್ಡಕ, ಟೈಲ್ಸ್ ವ್ಯಾಪಾರಿ. ಅವನ ಮನೆಯಲ್ಲಿ ನೆಲದಿಂದ ಅಡುಗೆಮನೆಯ ಕಟ್ಟೆಯವರೆಗೆ ಎಲ್ಲವೂ ಫಳಫಳ. ಅತ್ತೆ ಅಲ್ಲೇ ಜಾರಿ ಬಿದ್ದು ಮಂಡಿಗೆ ಆಪರೇಷನ್ ಆಗಿತ್ತು. ಈಗ ಎದ್ದು ಓಡಾಡುವಂತಾಗಿ, ಚಿಕ್ಕ ಮಗಳ ಮನೆಗೆ ಹೋಗುತ್ತೇನೆ ಎಂದಿದ್ದರು. ತಕ್ಕಡಿಯ ಹೆಂಡತಿಗೆ ಈ ಮಾತು ಕೇಳಿದಾಗಿನಿಂದ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಮ್ಮನಿಗೆಂದು ಮುಂದಿನ ಕೋಣೆಯನ್ನು ಖಾಲಿ ಮಾಡಿ, ಮಂಚ ಹಾಕಿ, ಕಿಟಕಿಗೆ ಹೊಸ ಪರದೆ ಹೊಲಿಸಿದ್ದಳು. ಪರದೆಯ ಬಟ್ಟೆ ತರಲು ಗಂಡನನ್ನು ಕಳಿಸಿರಲಿಲ್ಲ.

ಷಡ್ಡಕ ಫೋನಿನಲ್ಲಿ ಮಾತಾಡಿದರೆ ನಮ್ಮ ಮಹಡಿಗೂ ಕೇಳುತ್ತದೆ. "ಅತ್ತೆನ ಕಳಿಸೋಕೆ ನಂದೇನೂ ಅಡ್ಡಿಯಿಲ್ಲಪ್ಪ. ಆದರೆ ಕಾಲು ಮಡಿಸೋಕಾಗಲ್ಲ. ಆಸ್ಪತ್ರೆಗೆ ಓಡಾಡಿಸಬೇಕು. ನಿಮ್ಮ ಹತ್ರ ಏನಿದೆ, ಸ್ಕೂಟರು. ಅತ್ತೆನ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೋಗ್ತೀರಾ? ಬಾಡಿಗೆ ಗಾಡಿ ನಂಬ್ಕೊಂಡು ನಾನಂತೂ ಕಳಿಸಲ್ಲ. ಗಾಡಿ ತಗೊಳ್ಳಿ, ಆಮೇಲೆ ನೋಡೋಣ."

ಹೆಂಡತಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ತಕ್ಕಡಿ ಗಂಟಲು ಸರಿಪಡಿಸಿಕೊಂಡು, "ಸ್ಕೂಟರ್ ಕಾಲ ಮುಗೀತು ಷಡ್ಡಕರೇ. ನಾವು ಆಗಲೇ ಎರಡು ದೊಡ್ಡ ಗಾಡಿ ನೋಡ್ತಾ ಇದೀವಿ," ಎಂದ. ಆ ಕ್ಷಣದವರೆಗೆ ಅವನು ನೋಡಿದ್ದ ದೊಡ್ಡ ಗಾಡಿ ಎಂದರೆ ಓಣಿಗೆ ಬರುವ ಕಸದ ಲಾರಿ ಒಂದೇ.

ಷಡ್ಡಕ ಫೋನಿಟ್ಟು ಮನೆಯವರಿಗೆ ಹೇಳಿದ್ದು ಇಷ್ಟು: "ಅವನು ಎರಡು ಗಾಡಿ ತಗೊಳ್ತಾ ಇದಾನಂತೆ." ಮುಂದಿನದಕ್ಕೆಲ್ಲ ಈ ಒಂದು ವಾಕ್ಯವೇ ಮೂಲ.

ಆಡಿದ ಮಾತು ಉಳಿಸಿಕೊಳ್ಳಲು ತಕ್ಕಡಿ ಮಾರನೆಯ ದಿನವೇ ಹೊರಟ. ನನ್ನನ್ನೂ ಎಳೆದುಕೊಂಡು ಹೋದ. ಎರಡು ಮಳಿಗೆಗಳು, ಎರಡು ಗಾಡಿಗಳು. ಒಂದು ಬಿಳಿ, ಒಂದು ಕಪ್ಪು. ಎರಡೂ ಬೆಟ್ಟ ಹತ್ತಿ ನದಿ ದಾಟುವ ಚಿತ್ರಗಳು ಗೋಡೆಯ ತುಂಬ ಇದ್ದವು. ನಮ್ಮ ತಕ್ಕಡಿ ದಾಟಬೇಕಾದದ್ದು ಮನೆ ಮುಂದಿನ ಚರಂಡಿಯನ್ನು ಮಾತ್ರ. ಆದರೂ ಅವನು ಆ ಚಿತ್ರಗಳ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತ.

"ಚಾಲಕರ ಸೀಟಿನಲ್ಲಿ ಕೂತು ನೋಡಿ ಸರ್," ಎಂದ ಬಿಳಿ ಗಾಡಿಯ ಮಾರಾಟಗಾರ.

"ನಾನು ಕೂರೋದು ಮುಖ್ಯ ಅಲ್ಲ," ಎಂದ ತಕ್ಕಡಿ. ಎಂದವನೇ ಬಲಗಾಲನ್ನು ಕೋಲಿನಂತೆ ನೆಟ್ಟಗೆ ಮಾಡಿಕೊಂಡು, ನನ್ನ ಹೆಗಲು ಹಿಡಿದು, ಅತ್ತೆ ಹೇಗೆ ಹತ್ತಬಹುದೋ ಹಾಗೆ ಹಿಂದಿನ ಸೀಟಿಗೆ ಹತ್ತಿದ. ಹತ್ತುವಾಗ "ಅಯ್ಯೋ ಅಮ್ಮ" ಎಂದು ನರಳಿದ. ಇಳಿಯುವಾಗಲೂ ನರಳಿದ. ಅವನ ಪ್ರಕಾರ ಅದಿಲ್ಲದೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ಮಳಿಗೆಯವರು ಓಡಿ ಹೋಗಿ ಗಾಲಿಕುರ್ಚಿ ತಂದರು. ಅವನು ಅದರಲ್ಲೂ ಒಮ್ಮೆ ಕೂತು, "ಇದು ಯಾವ ಕಂಪನಿದು?" ಎಂದು ಕೇಳಿದ. ನಾನು ಗೋಡೆಯ ಮೇಲಿನ ಬೆಟ್ಟವನ್ನು ನೋಡುತ್ತಾ ನಿಂತೆ.

ಕಪ್ಪು ಗಾಡಿಯ ಮಳಿಗೆಯಲ್ಲೂ ಹೀಗೇ ಹತ್ತಿ, ಹೀಗೇ ನರಳಿ ಆಯಿತು. ಅಲ್ಲಿಯ ಮಾರಾಟಗಾರ ಗುಂಡಿ ಒತ್ತಿ ಚಾವಣಿ ತೆರೆದು ತೋರಿಸಿದ. ಮನೆಗೆ ಬಂದು ತಕ್ಕಡಿ ಇದನ್ನು ವರ್ಣಿಸಿದಾಗ ಅವನ ಹೆಂಡತಿ, "ಚಾವಣೀಲಿ ತೂತು ಯಾಕೆ?" ಎಂದಳು.

"ಆಕಾಶ ಕಾಣುತ್ತೆ."

"ಇಳಿದ್ರೂ ಕಾಣುತ್ತಲ್ಲ."

ಬಿಳಿ ಗಾಡಿಯ ಎತ್ತರ ಚೆನ್ನಾಗಿತ್ತು, ಕಪ್ಪು ಗಾಡಿಯ ಹಿಂದಿನ ಸೀಟು ಅಗಲವಾಗಿತ್ತು. ಬಿಳಿಯದರ ಬಾಗಿಲು ಮೆತ್ತಗೆ ಮುಚ್ಚುತ್ತಿತ್ತು, ಕಪ್ಪು ಗಾಡಿಯ ಬಾಗಿಲು ಗಟ್ಟಿಯಾಗಿ ಮುಚ್ಚುತ್ತಿತ್ತು. ಮೆತ್ತಗೆ ಮುಚ್ಚುವುದು ಒಳ್ಳೆಯದೋ ಗಟ್ಟಿಯಾಗಿ ಮುಚ್ಚುವುದು ಒಳ್ಳೆಯದೋ ಎಂದು ಅವನು ವಾರಗಟ್ಟಲೆ ತಲೆ ಕೆಡಿಸಿಕೊಂಡ. ನಮ್ಮ ಮನೆಯ ಬಾಗಿಲುಗಳನ್ನೂ ಬಂದು ಮುಚ್ಚಿ ತೆಗೆದು ನೋಡಿದ.

ಅಷ್ಟರಲ್ಲಿ ಷಡ್ಡಕನ ವಾಕ್ಯ ಊರು ಸುತ್ತಿ ನಮ್ಮ ಓಣಿಗೆ ಬಂದಿತ್ತು. ಬರುವಾಗ ಸ್ವಲ್ಪ ಮೈಕೈ ತುಂಬಿಕೊಂಡಿತ್ತು. ತಕ್ಕಡಿ ಎರಡು ಗಾಡಿ ಕೊಂಡಾಗಿದೆ, ಒಂದು ಅವನಿಗೆ, ಒಂದು ಹೆಂಡತಿಗೆ, ಡ್ರೈವರುಗಳನ್ನು ಹುಡುಕುತ್ತಿದ್ದಾರೆ ಎನ್ನುವಲ್ಲಿಗೆ ಬಂದು ನಿಂತಿತ್ತು. ಮನೆಯ ಮಾಲೀಕರಾದ ಅಜ್ಜಿ ಕೆಳಗಿನ ಮನೆಯ ಮುಂದೆ ನಿಂತು ಗೇಟನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಎರಡು ಗಾಡಿ ಎಲ್ಲಿ ನಿಲ್ಲಿಸ್ತೀರಪ್ಪ?"

"ಎರಡಲ್ಲ ಅಜ್ಜಿ, ಎರಡರಲ್ಲಿ ಒಂದು."

"ಹೌದಪ್ಪ, ಹೊರಗೆ ಹಾಗೇ ಹೇಳ್ಬೇಕು. ಜನರ ಕಣ್ಣು ಒಳ್ಳೇದಲ್ಲ," ಎಂದು ಅಜ್ಜಿ ಕಣ್ಣು ಮಿಟುಕಿಸಿ ಹೋದರು.

ಕಚೇರಿಯಲ್ಲಿ ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರಂತೆ. ಖರೀದಿ ವಿಭಾಗದವನು ಎರಡು ಗಾಡಿ ಕೊಂಡನೆಂದರೆ ಮೇಲಿನವರು ಏನೆಂದುಕೊಳ್ಳುತ್ತಾರೆ ಎಂದು ಗದರಿದರಂತೆ. "ಕೊಂಡಿಲ್ಲ ಸರ್, ಹೋಲಿಸ್ತಾ ಇದೀನಿ," ಎಂದು ಇವನು ಹೇಳಿದ ತಕ್ಷಣ ಅವರ ಮುಖದಲ್ಲಿ ನೆಮ್ಮದಿ ಕಂಡಿತಂತೆ. "ನೀನು ಹೋಲಿಸ್ತಾ ಇದೀಯಾ? ಹಾಗಾದ್ರೆ ಭಯವಿಲ್ಲ. ನಾನು ರಿಟೈರ್ ಆಗೋವರೆಗೆ ಏನೂ ಆಗಲ್ಲ." ಇದನ್ನು ತಕ್ಕಡಿ ನನಗೆ ಹೆಮ್ಮೆಯಿಂದಲೇ ಹೇಳಿದ.

ಹೆಂಡತಿಗೆ ಮಾತ್ರ ತಮಾಷೆಯಾಗಿ ಕಾಣಲಿಲ್ಲ. ಮಂಚದ ಮೇಲಿನ ಹೊಸ ಹಾಸಿಗೆಯನ್ನು ದಿನವೂ ಕೊಡವಿ ಹಾಸುತ್ತಿದ್ದಳು. ಒಂದು ಬೆಳಿಗ್ಗೆ ನೇರವಾಗಿ ಕೇಳಿಯೇಬಿಟ್ಟಳು. "ನೀವು ಗಾಡಿ ತಗೊಳ್ತೀರೋ, ಇಲ್ಲ ಅಮ್ಮ ಬರೋದು ಬೇಡ ಅಂತ ಹೇಳಿಬಿಡಲೋ?"

"ಭಾನುವಾರ ತೀರ್ಮಾನ," ಎಂದ ತಕ್ಕಡಿ. "ಬೇರೆ ಬೇರೆ ಮಳಿಗೇಲಿ ನೋಡಿದ್ದೇ ತಪ್ಪಾಯ್ತು. ಒಂದೇ ಜಾಗ, ಒಂದೇ ಹೊತ್ತು. ಎರಡನ್ನೂ ಮನೆ ಮುಂದೆ ತರಿಸ್ತೀನಿ."

ಎರಡೂ ಮಳಿಗೆಗಳಿಗೆ ಫೋನು ಮಾಡಿ ಒಂದೇ ಸಮಯ ಕೊಟ್ಟ. ಕಚೇರಿಯ ನಿಯಮವನ್ನೂ ತಿಳಿಸಿದ: ಪರೀಕ್ಷೆ ಮುಗಿಯುವ ಮುಂಚೆ ಯಾರು ಹಿಂದಕ್ಕೆ ಹೋಗುತ್ತಾರೋ ಅವರನ್ನು ಕೈಬಿಟ್ಟ ಹಾಗೆ. ಟೆಂಡರು ಹಾಕಿ ನಡುವೆ ವಾಪಸು ಪಡೆಯುವವರಿಗೆ ಅವನ ಕಚೇರಿಯಲ್ಲಿ ಮಾಡಿದ ನಿಯಮ ಅದು. ಅದನ್ನು ಗಾಲಿಯಿರುವ ವಸ್ತುವಿಗೆ ಅನ್ವಯಿಸಿದರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ.

ನಮ್ಮ ಓಣಿಯ ಅಗಲದ ಬಗ್ಗೆ ಇಲ್ಲಿ ಹೇಳಬೇಕು. ಒಂದು ಗಾಡಿ ಬಂದರೆ ಎರಡೂ ಕಡೆಯ ಗೋಡೆಯವರು ಒಣಗಲು ಹಾಕಿದ ಬಟ್ಟೆ ತೆಗೆದುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಬಿಳಿ ಗಾಡಿ ಮೇಲಿನ ತುದಿಯಿಂದ ಬಂತು, ಕಪ್ಪು ಗಾಡಿ ದರ್ಜಿ ಅಂಗಡಿಯಿರುವ ಕೆಳಗಿನ ತುದಿಯಿಂದ ಬಂತು. ಇಬ್ಬರೂ ಸಮಯಪಾಲನೆಯ ಜನ. ತಕ್ಕಡಿಯ ಗೇಟಿನ ಎದುರು ಮೂತಿಗೆ ಮೂತಿ ತಾಗಿಸಿ ನಿಂತರು.

ತಕ್ಕಡಿ ಗೇಟಿನ ಒಳಗಿನಿಂದ ಕತ್ತು ಹೊರಚಾಚಿ ನೋಡಿ, "ಬಹಳ ಸರಿಯಾಗಿದೆ," ಎಂದ.

ಸರಿಯಾಗಿ ಇದ್ದದ್ದು ಅಷ್ಟೇ. ಎರಡು ಗಾಡಿಗಳ ಬಾಗಿಲೂ ಗೋಡೆಗೆ ತಾಗಿ ತೆರೆಯಲಿಲ್ಲ. ಬಿಳಿ ಗಾಡಿಯ ಹಿಂದೆ ಗ್ಯಾಸ್ ಸಿಲಿಂಡರಿನವನು ಬಂದು ನಿಂತ. ಕಪ್ಪು ಗಾಡಿಯ ಹಿಂದೆ, ಆಗಷ್ಟೇ ಹೊರಗಿನಿಂದ ಬಂದ ನಾನು ಅಲ್ಲೇ ಬಿಟ್ಟು ಮಹಡಿ ಹತ್ತಿದ ನನ್ನ ಸ್ಕೂಟರು, ಅದರ ಹಿಂದೆ ಯಾರೋ ಮನೆ ಬದಲಿಸುತ್ತಿದ್ದವರ ಬೀರು. ಎಲ್ಲರೂ ಹಾರನ್ ಹೊಡೆದರು. ಬೀರು ಹೊತ್ತವರು ಬೈದರು. ಮಾರಾಟಗಾರರಿಬ್ಬರೂ ಗಾಜಿನ ಮೂಲಕ ಒಬ್ಬರನ್ನೊಬ್ಬರು ನೋಡಿ ನಗುತ್ತಾ ಕೂತರು. ಹಿಂದಕ್ಕೆ ಹೋದವರು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಕಪ್ಪು ಗಾಡಿಯ ಚಾವಣಿ ಸರಿಯಿತು. ಒಳಗಿನಿಂದ ಮಾರಾಟಗಾರ ಟೈ ಸಮೇತ ಎದ್ದು ಬಂದು, ಗಾಡಿಯ ಮೇಲೆ ಕೂತು, ಎರಡೂ ಕಡೆಯ ಕಿಟಕಿಗಳಿಗೆ ಕೈಚಾಚಿ ಬಣ್ಣದ ಕಾಗದಗಳನ್ನು ಹಂಚತೊಡಗಿದ. ಬಿಳಿ ಗಾಡಿಗೆ ಅಂಥ ತೂತು ಇರಲಿಲ್ಲ. ಅದರ ಮಾರಾಟಗಾರ ಗಾಜು ಇಳಿಸಿ ಅಜ್ಜಿಯನ್ನು ಕುಡಿಯಲು ನೀರು ಕೇಳಿದ. ತಕ್ಕಡಿ ತಲೆಯೆತ್ತಿ, ನೋಡಲೆಂದು ಮೇಲೆ ಬಂದು ನನ್ನ ಬಾಲ್ಕನಿಯಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಡತಿಗೆ, "ಚಾವಣೀಲಿ ತೂತು ಯಾಕೆ ಅಂತ ಕೇಳಿದ್ದೆಯಲ್ಲ, ನೋಡು," ಎಂದ.

ಅವಳು ಅದನ್ನು ನೋಡುತ್ತಿರಲಿಲ್ಲ. ಓಣಿಯ ಕೆಳತುದಿಯಲ್ಲಿ ಷಡ್ಡಕನ ಕಾರು ಬಂದು ನಿಂತಿತ್ತು. ಎರಡು ಗಾಡಿಗಳ ಸುದ್ದಿ ಅವನಿಗೆ ನಿದ್ದೆ ಕೊಟ್ಟಿರಲಿಲ್ಲ. ಕಣ್ಣಾರೆ ನೋಡಿಯೇಬಿಡೋಣ ಎಂದು ಅತ್ತೆಯನ್ನೂ ಕೂರಿಸಿಕೊಂಡು ಬಂದಿದ್ದ. ಓಣಿ ಕಟ್ಟಿಕೊಂಡಿದ್ದರಿಂದ ಅತ್ತೆ ದರ್ಜಿ ಅಂಗಡಿಯ ಮುಂದಿನ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಊರುಗೋಲು, ತೊಡೆಯ ಮೇಲೆ ಒಂದು ಬ್ಯಾಗು.

"ಅಮ್ಮ ಬ್ಯಾಗ್ ತಂದಿದ್ದಾಳೆ," ಎಂದಳು ತಕ್ಕಡಿಯ ಹೆಂಡತಿ. "ಇಲ್ಲಿವರೆಗೆ ಬಂದು ದಾರಿಯಿಲ್ಲ ಅಂತ ವಾಪಸ್ ಹೋದ್ರೆ ಮತ್ತೆ ಬರಲ್ಲ. ಭಾವ ಬರೋಕೆ ಬಿಡಲ್ಲ." ಅವಳನ್ನು ನೋಡಿ ನನಗೂ ಸಂಕಟವಾಯಿತು. ಇವಳ ಗಂಡನೋ, ಕೆಳಗೆ ಎರಡು ಗಾಡಿಗಳ ಮೂತಿಯ ನಡುವೆ ಕೈಯಿಟ್ಟು ಯಾವುದು ಮುಂದಿದೆ ಎಂದು ಅಳೆಯುತ್ತಿದ್ದ.

ಅಷ್ಟರಲ್ಲಿ ಟ್ರಾಫಿಕ್ ಪೇದೆ ಬಂದ. ಗ್ಯಾಸ್ ಗಾಡಿಯ ಸಂದಿಯಲ್ಲಿ ನುಸುಳಿ, ಬಿಳಿ ಗಾಡಿಯ ಪಕ್ಕ ಹೊಟ್ಟೆ ಒಳಗೆಳೆದುಕೊಂಡು ತೂರಿ, ಟೋಪಿ ಸರಿಪಡಿಸಿಕೊಂಡು ಕೇಳಿದ:

"ಇದರಲ್ಲಿ ನಿಮ್ಮದು ಯಾವುದ್ರೀ?"

"ಅದನ್ನೇ ನೋಡ್ತಾ ಇದೀನಿ ಸರ್."

"ನೋಡೋದೇನು? ನಿಮ್ಮ ಗಾಡಿ ನಿಮಗೆ ಗೊತ್ತಾಗಲ್ವಾ?"

"ಬಿಳಿದು ಎತ್ತರ ಚೆನ್ನಾಗಿದೆ, ಕಪ್ಪದು ಸೀಟು ಚೆನ್ನಾಗಿದೆ. ನಿಮಗೆ ಹೇಗನಿಸುತ್ತೆ?"

ಪೇದೆ ದಂಡ ಹಾಕಲು ಹೊರತೆಗೆದ ಯಂತ್ರವನ್ನು ಹಿಡಿದುಕೊಂಡೇ ಎರಡನ್ನೂ ನೋಡಿದ. "ನನ್ನ ಭಾಮೈದನ ಹತ್ರ ಬಿಳಿದಿದೆ. ಬ್ರೇಕು ಗಟ್ಟಿ."

"ಒಂದ್ಸಲ ಮೇಲೆ ಬಂದು ನೋಡಿ ಸರ್, ಆಮೇಲೆ ಹೇಳಿ," ಎಂದ ಚಾವಣಿಯ ಮೇಲಿದ್ದವನು ಕೈಚಾಚುತ್ತಾ.

ಪೇದೆಗೆ ಜ್ಞಾನೋದಯವಾಯಿತು. "ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗ್ರೀ ಮೊದಲು."

"ಅದಾಗಲ್ಲ ಸರ್," ಎಂದ ತಕ್ಕಡಿ ಗಾಬರಿಯಿಂದ. "ಒಬ್ಬರನ್ನ ಕಳಿಸಿದ್ರೆ ಪಕ್ಷಪಾತ ಆಗುತ್ತೆ. ಪರೀಕ್ಷೆ ನಡೀತಾ ಇದೆ."

ಬಾಲ್ಕನಿಯಿಂದ ಆಗ ಬಂದ ಸ್ವರವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ರೀ. ಎರಡೂ ಬೇಡ ಅಂತ ಹೇಳಿ."

"ಎರಡನ್ನೂ ಕೈಬಿಡೋಕೆ ಮೇಲಿನವರ ಒಪ್ಪಿಗೆ ಬೇಕು ಕಣೇ," ಎಂದ ತಕ್ಕಡಿ ಅಭ್ಯಾಸಬಲದಿಂದ.

"ನಾನು ಮೇಲೇ ನಿಂತಿದ್ದೀನಿ. ಒಪ್ಪಿದ್ದೀನಿ. ಓಣಿ ತುದೀಲಿ ಯಾರು ಕೂತಿದ್ದಾರೆ ಅಂತ ಒಂದ್ಸಲ ನೋಡಿ."

ತಕ್ಕಡಿ ಬಗ್ಗಿ, ಕಪ್ಪು ಗಾಡಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೋಡಿದ. ದೂರದಲ್ಲಿ ಅತ್ತೆಯ ಊರುಗೋಲು ಕಂಡಿತು. ಪೇದೆಯ ಕಡೆ ತಿರುಗಿ, ಇಬ್ಬರನ್ನೂ ಒಟ್ಟಿಗೆ ಕಳಿಸಿದರೆ ತನ್ನದೇನೂ ಅಡ್ಡಿಯಿಲ್ಲ ಎಂದು ಮೆಲ್ಲಗೆ ಹೇಳಿದ. ಪೇದೆ ಸೀಟಿ ಊದಿದ. ಗ್ಯಾಸಿನವನು ಸರಿದ, ಬೀರು ಸರಿಯಿತು, ನನ್ನ ಸ್ಕೂಟರನ್ನು ಯಾರೋ ಎತ್ತಿ ಚರಂಡಿಯ ಅಂಚಿಗಿಟ್ಟರು. ಬಿಳಿ ಮೇಲಕ್ಕೆ, ಕಪ್ಪು ಕೆಳಕ್ಕೆ, ಎರಡೂ ಒಂದೇ ವೇಗದಲ್ಲಿ ಹಿಂದೆ ಹಿಂದೆ ಹೋದವು. ಚಾವಣಿಯ ಮೇಲಿದ್ದವನು ಇಳಿಯಲು ಪುರಸೊತ್ತಿಲ್ಲದೆ ಬಣ್ಣದ ಕಾಗದ ಚೆಲ್ಲುತ್ತಾ ಚಾವಣಿಯ ಮೇಲೇ ಹೋದ. ಅಂದರೆ ಒಳಗೆ ಅವನ ಜೊತೆಗೊಬ್ಬ ಡ್ರೈವರಿದ್ದನೆಂದು ನಮಗೆ ಆಗ ತಿಳಿಯಿತು.

ಖಾಲಿಯಾದ ಓಣಿಯಲ್ಲಿ ಅತ್ತೆ ನಡೆದು ಬಂದರು. ಯಾರ ಕೈಯನ್ನೂ ಹಿಡಿಯದೆ, ಊರುಗೋಲು ಊರುತ್ತಾ, ನಡುರಸ್ತೆಯಲ್ಲೇ ಬಂದರು. ಹಿಂದೆ ಷಡ್ಡಕ, "ಅತ್ತೆ, ನಿಲ್ಲಿ, ಕಾರು ಒಳಗೆ ತರ್ತೀನಿ," ಎನ್ನುತ್ತಾ ಬರುತ್ತಿದ್ದ.

"ಡಾಕ್ಟರು ದಿನಾ ನಡೀರಿ ಅಂದಿದ್ದಾರೆ," ಎಂದರು ಅತ್ತೆ. "ನಿಮ್ಮ ಮನೆ ನೆಲದ ಮೇಲೆ ಧೈರ್ಯ ಬರಲಿಲ್ಲ. ಈ ರಸ್ತೆ ಒರಟಾಗಿದೆ. ಕೋಲು ಜಾರಲ್ಲ." ನಮ್ಮ ಓಣಿಯ ರಸ್ತೆಯನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ಅಜ್ಜಿ ಕೂಡ ರಸ್ತೆಯನ್ನು ಹೊಸದಾಗಿ ನೋಡಿದರು.

ಮಗಳು ಓಡಿ ಹೋಗಿ ತಬ್ಬಿಕೊಂಡಳು. ಬ್ಯಾಗು ಇಸಿದುಕೊಳ್ಳಲು ಕೈ ಹಾಕಿದಳು. ಅತ್ತೆ ಬ್ಯಾಗು ಬಿಡಲಿಲ್ಲ. ಒಳಗೆ ಬಂದು ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟು, ತಕ್ಕಡಿಯನ್ನು ಕೇಳಿದರು:

"ಅಳಿಯಂದಿರೇ, ಯಾವ ಗಾಡಿ ತಗೊಂಡ್ರಿ?"

"ಇನ್ನೂ ನೋಡ್ತಾ ಇದೀನಿ ಅತ್ತೆ."

"ನೋಡಿ, ನೋಡಿ. ಅವಸರ ಬೇಡ. ನಾನೂ ನೋಡ್ತಾ ಇದೀನಿ."

"ಏನನ್ನ?"

"ದೊಡ್ಡ ಮಗಳ ಮನೆ, ಚಿಕ್ಕ ಮಗಳ ಮನೆ."

ಅಷ್ಟು ಹೇಳಿ ಪರೀಕ್ಷೆ ಶುರುಮಾಡಿದರು. ಹೊಸ್ತಿಲನ್ನು ಕೋಲಿನಿಂದ ತಟ್ಟಿ ಎತ್ತರ ನೋಡಿದರು. ಬಚ್ಚಲ ಬಾಗಿಲು ಮುಚ್ಚಿ ತೆಗೆದು ನೋಡಿದರು. ಮಂಚವನ್ನು ಅಂಗೈಯಿಂದ ಒತ್ತಿ, "ಇದು ಪರವಾಗಿಲ್ಲ," ಎಂದರು. ತಕ್ಕಡಿ ಅವರ ಹಿಂದೆಯೇ ತಿರುಗುತ್ತಾ, "ಕಿಟಕಿ ದೊಡ್ಡದಿದೆ ಅತ್ತೆ, ಗಾಳಿ ಚೆನ್ನಾಗಿ ಬರುತ್ತೆ," ಎಂದು ತೆರೆದು ತೋರಿಸಿದ. "ನಲ್ಲೀಲಿ ಬಿಸಿನೀರು ಬರುತ್ತೆ," ಎಂದು ತಿರುಗಿಸಿ ತೋರಿಸಿದ. ಬಿಸಿನೀರು ಬರಲಿಲ್ಲ. ಷಡ್ಡಕ ಸೋಫಾದ ಅಂಚಿನಲ್ಲಿ ಕೂತು ಮುಗುಳ್ನಗುತ್ತಿದ್ದ. ಮಗಳು ಅಡುಗೆಮನೆಯ ಬಾಗಿಲು ಹಿಡಿದು ನಿಂತುಬಿಟ್ಟಿದ್ದಳು. ಬಾಗಿಲ ಪಕ್ಕದ ಬ್ಯಾಗಿನಿಂದ ಅವಳು ಕಣ್ಣು ತೆಗೆಯಲಿಲ್ಲ.

ಅತ್ತೆ ಕುರ್ಚಿಯ ಹತ್ತಿರ ಬಂದು ನಿಂತರು. ಕೂರಲಿಲ್ಲ. "ಇದು ತಗ್ಗು. ಕೂತ್ರೆ ಏಳೋಕಾಗಲ್ಲ."

"ನಮ್ಮನೇಲಿ ದೊಡ್ಡ ಸೋಫಾ ಇದೆಯಲ್ಲ ಅತ್ತೆ," ಎಂದ ಷಡ್ಡಕ.

"ಅದರಲ್ಲಿ ಕೂತ್ರೆ ಮುಳುಗಿ ಹೋಗ್ತೀನಿ. ಎತ್ತೋಕೆ ಇಬ್ಬರು ಬೇಕು." ಅತ್ತೆ ಗೋಡೆಗೆ ಒರಗಿ ನಿಂತರು. ದಣಿದಿದ್ದರು. "ಆ ದರ್ಜಿ ಅಂಗಡಿ ಸ್ಟೂಲು ಚೆನ್ನಾಗಿತ್ತು. ಕಾಲು ನೀಟಾಗಿ ಇಳೀತಿತ್ತು, ಏಳೋದೂ ಸುಲಭ."

ಮಾತು ಮುಗಿಯುವಷ್ಟರಲ್ಲಿ ತಕ್ಕಡಿ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದಿದ್ದ. ಏನಾಗುತ್ತದೋ ಎಂದು ನಾನೂ ಹಿಂದೆ ಓಡಿದೆ.

"ಆ ಸ್ಟೂಲು ಕೊಡಿ. ಅತ್ತೆಗೆ ಬೇಕು," ಎಂದ ಅವನು ದರ್ಜಿಗೆ, ಏದುಸಿರು ಬಿಡುತ್ತಾ.

ದರ್ಜಿ ತುಟಿಯ ನಡುವಿನ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದ. ಗಿರಾಕಿಯ ಸ್ವಭಾವ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಳಗಿನಿಂದ ಇನ್ನೊಂದು ಸ್ಟೂಲನ್ನೂ ತಂದು ಪಕ್ಕದಲ್ಲಿಟ್ಟು, ಟೇಪು ತೆಗೆದುಕೊಟ್ಟು, ಹೊರಡಲು ಸಿದ್ಧನಾದ. "ಎರಡಿವೆ ಸ್ವಾಮಿ. ಇದಕ್ಕೆ ಹಲಗೆ ಅಗಲ, ಅದಕ್ಕೆ ಕಾಲು ಗಟ್ಟಿ. ನಿಧಾನವಾಗಿ ನೋಡಿ. ನಾನು ಊಟ ಮಾಡ್ಕೊಂಡು ಬರ್ತೀನಿ."

ತಕ್ಕಡಿಯ ಕೈ ತಾನಾಗಿಯೇ ಟೇಪಿನ ಕಡೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಎರಡೂ ಕೊಡಿ," ಎಂದ ತಕ್ಕಡಿ.

ಹೊರಟಿದ್ದ ದರ್ಜಿ ನಿಂತ. ಗೋಡೆಯ ಮೇಲೆ ನೇತಾಡುತ್ತಿದ್ದ ಅಂಗಿಯತ್ತ ಬೆರಳು ತೋರಿಸಿದ. "ಹಾಗಾದ್ರೆ... ಗುಂಡಿ?"

"ಯಾವುದಾದ್ರೂ ಹಾಕಿ."

ಎರಡು ಹೆಗಲ ಮೇಲೆ ಎರಡು ಸ್ಟೂಲು ಹೊತ್ತು ತಕ್ಕಡಿ ಓಣಿಯಲ್ಲಿ ನಡೆದ. ಕಿಟಕಿಗಳೆಲ್ಲ ತೆರೆದುಕೊಂಡವು. "ನಾನು ಹೇಳಲಿಲ್ವಾ, ಎರಡೂ ತಗೊಳ್ತಾನೆ ಅಂತ," ಎಂದರು ಅಜ್ಜಿ ಗೇಟಿನಲ್ಲಿ ನಿಂತು, ತಮ್ಮ ಮಾತು ಅಕ್ಷರಶಃ ನಿಜವಾದ ತೃಪ್ತಿಯಿಂದ.

ಅವನು ಎರಡನ್ನೂ ಅತ್ತೆಯ ಮುಂದೆ ಇಟ್ಟ. ಅತ್ತೆ ಒಂದರ ಮೇಲೆ ಕೂತರು. ಕಾಲನ್ನು ನೀಟಾಗಿ ಇಳಿಬಿಟ್ಟರು. ಎದ್ದರು. ಇನ್ನೊಂದರ ಮೇಲೆ ಕೂತರು. ತಕ್ಕಡಿ ತಡೆಯಲಾರದೆ, "ಇವೆರಡರಲ್ಲಿ ಯಾವುದು ಚೆನ್ನಾಗಿದೆ ಅತ್ತೆ?" ಎಂದು ಕೇಳಿಯೇಬಿಟ್ಟ. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಅತ್ತೆ ಅಳಿಯನ ಬರಿಗಾಲುಗಳನ್ನು ನೋಡಿದರು. ಓಣಿಯ ಮಣ್ಣು ಮೆತ್ತಿಕೊಂಡಿತ್ತು, ಹೆಬ್ಬೆರಳು ಎಡವಿ ಕೆಂಪಾಗಿತ್ತು.

"ಅಷ್ಟೆಲ್ಲ ಯಾರು ನೋಡ್ತಾರೆ," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಆ ಬ್ಯಾಗು ಒಳಗಿಡಮ್ಮ," ಎಂದರು.